‘ಕಮ್ ಎನಿ ಟೈಮ್’ ಎಂದು ಬರೆಯುವ ಮುನ್ನ: ಇಂಗ್ಲಿಷ್ ಪತ್ರದಲ್ಲಿ ಬಗ್ಗುವ ಮಾತುಗಳನ್ನು ಬಳಸುವ ಕ್ರಮ

ನಮ್ಮ ಗೋಕುಲಂನ ಬಾಡಿಗೆ ಕೋಣೆಗಳ ವ್ಯವಹಾರ ಉಳಿದ ಮೈಸೂರಿನಂತಲ್ಲ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಆರಂಭಿಸಿದ ಅಷ್ಟಾಂಗ ಯೋಗದ ಶಾಲೆ 2002ರಲ್ಲಿ ಇತ್ತ ಬಂತು. ಅದರ ಹಿಂದೆಯೇ ಹೊರದೇಶಗಳ ವಿದ್ಯಾರ್ಥಿಗಳೂ ಬಂದರು. ಮಹಡಿಯ ಮೇಲೊಂದು ಕೋಣೆ, ಒಂದು ಬಚ್ಚಲುಮನೆ ಇದ್ದವರೆಲ್ಲ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಯಿತು. ನನ್ನದು ಅದೇ ಬಡಾವಣೆಯಲ್ಲೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಇಂಥ ಪತ್ರಗಳನ್ನು ಟೈಪು ಮಾಡುವುದು, ಕೇಳಿದರೆ ತಿದ್ದುವುದು, ಕೆಲವೊಮ್ಮೆ ಕೇಳದಿದ್ದರೂ ತಿದ್ದುವುದು ನನ್ನ ದಿನದ ಕೆಲಸ.

ಎದುರು ಸಾಲಿನ ಮನೆಯ ಅಮ್ಮ ಒಮ್ಮೆ ನನ್ನನ್ನು ಕೇಳದೆ ತಾವೇ ಮೊಬೈಲಿನಲ್ಲಿ ಒಂದು ಪತ್ರ ಕಳುಹಿಸಿದರು. ಅದರ ಸಾರ ಎರಡೇ ಮಾತು: ‘ವಿ ಆರ್ ವೆರಿ ಫ್ಲೆಕ್ಸಿಬಲ್. ಕಮ್ ಎನಿ ಟೈಮ್.’ ಬರಬೇಕಾದ ಹುಡುಗಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಡುರಾತ್ರಿ ಇಳಿದು, ಟ್ಯಾಕ್ಸಿ ಹಿಡಿದು, ಬೆಳಗಿನ ಜಾವ ನಾಲ್ಕಕ್ಕೆ ಗೇಟು ಬಡಿದಳು. ಬೀದಿಯ ನಾಯಿಗಳೆಲ್ಲ ಎದ್ದವು. ಯಜಮಾನರು ಕಳ್ಳನೇ ಬಂದನೆಂದು ಪಂಚೆ ಸುತ್ತಿಕೊಂಡು ಟಾರ್ಚ್ ಹಿಡಿದು ಬಂದರು. ಹುಡುಗಿ ಮಾತಾಡದೆ ಮೊಬೈಲ್ ತೆಗೆದು ಪತ್ರ ತೋರಿಸಿದಳು. ನ್ಯಾಯ ಅವಳ ಕಡೆಗೇ ಇತ್ತು.

‘ಯಾವಾಗ ಬೇಕಾದರೂ ಬನ್ನಿ’ ಎಂದು ನಾವು ಕನ್ನಡದಲ್ಲಿ ಹೇಳಿದರೆ ಕೇಳುವವರಿಗೆ ಉಳಿದದ್ದು ತಾನಾಗಿಯೇ ತಿಳಿಯುತ್ತದೆ. ಊಟದ ಹೊತ್ತು, ಮಲಗುವ ಹೊತ್ತು, ರಾಹುಕಾಲ ಎಲ್ಲವೂ ಆ ಮಾತಿನೊಳಗೆ ಅಡಗಿವೆ. ಪರಿಚಯವೇ ಗೆರೆ ಎಳೆಯುತ್ತದೆ. ಪರಿಚಯವೇ ಇಲ್ಲದವರಿಗೆ ಬರೆಯುವ ಇಂಗ್ಲಿಷ್ ಪತ್ರದಲ್ಲಿ ಆ ಗೆರೆಯನ್ನು ಎಳೆಯುವವರು ಯಾರೂ ಇಲ್ಲ. ನೀವೇ ಎಳೆಯಬೇಕು. ಹೊಂದಿಕೊಳ್ಳುವ ಮಾತುಗಳಲ್ಲಿ ನಮ್ಮವರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ವ್ಯಾಕರಣದ ಪಾಲು ಆಮೇಲೆ.

ಇಂಗ್ಲಿಷ್ ಮಾತುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ. ಕಣ್ಣಿಗಿಂತ ಕಿವಿ ಬೇಗ ತಪ್ಪು ಹಿಡಿಯುತ್ತದೆ.

ಹಂತ 1: ಮೊದಲು ಕನ್ನಡದಲ್ಲಿ ಮೂರು ಪ್ರಶ್ನೆ

ಟೈಪು ಮಾಡುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಬಗ್ಗುವವರು ಯಾರು, ನಾವೋ ಅವರೋ? ಯಾವುದರಲ್ಲಿ ಬಗ್ಗುತ್ತೇವೆ, ದಿನಾಂಕದಲ್ಲೋ, ಹಣದಲ್ಲೋ, ಊಟದಲ್ಲೋ? ಎಲ್ಲಿಯವರೆಗೆ? ಈ ಮೂರಕ್ಕೂ ಉತ್ತರವಿಲ್ಲದೆ ‘ಫ್ಲೆಕ್ಸಿಬಲ್’ ಎಂದು ಬರೆದರೆ, ಓದುವವರು ತಮಗೆ ಬೇಕಾದ ಉತ್ತರವನ್ನು ತಾವೇ ತುಂಬಿಕೊಳ್ಳುತ್ತಾರೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ನಮ್ಮಲ್ಲೇ ಇದೆಯಲ್ಲ.

ಅಮ್ಮನವರ ಪತ್ರಕ್ಕೆ ಈ ಚೀಟಿ ಹೀಗಿರಬೇಕಿತ್ತು: ಬಗ್ಗುವವರು ನಾವು, ಬರುವ ದಿನದಲ್ಲಿ, ಒಂದು ವಾರ ಹಿಂದೆ ಮುಂದೆ. ಗಂಟೆಯ ವಿಷಯದಲ್ಲಿ ಬಗ್ಗುವುದಿಲ್ಲ.

ಹಂತ 2: ‘ಫ್ಲೆಕ್ಸಿಬಲ್’ ಪದದ ಮುಂದೆ ಏನು ಬರಬೇಕು

ಈ ಪದದ ಜೊತೆ ‘ಅಬೌಟ್’, ‘ಆನ್’, ‘ವಿತ್’ ಹೊಂದುತ್ತವೆ. ‘ಫ್ಲೆಕ್ಸಿಬಲ್ ಅಬೌಟ್ ದಿ ಡೇಟ್ಸ್’, ‘ಫ್ಲೆಕ್ಸಿಬಲ್ ಆನ್ ಪ್ರೈಸ್’, ‘ಫ್ಲೆಕ್ಸಿಬಲ್ ವಿತ್ ಟೈಮಿಂಗ್ಸ್’. ಕೆಲಸಕ್ಕೆ ಅರ್ಜಿ ಬರೆಸಲು ಬರುವ ಹುಡುಗರು ತಪ್ಪದೆ ತರುವ ವಾಕ್ಯ ‘ಐ ಆ್ಯಮ್ ಫ್ಲೆಕ್ಸಿಬಲ್ ಟು ವರ್ಕ್ ಇನ್ ಎನಿ ಶಿಫ್ಟ್’. ಮುಂದೆ ಕ್ರಿಯಾಪದ ಬರುವುದಾದರೆ ‘ಫ್ಲೆಕ್ಸಿಬಲ್’ ಬಿಟ್ಟು ‘ವಿಲ್ಲಿಂಗ್’ ಹಾಕಿ: ‘ಐ ಆ್ಯಮ್ ವಿಲ್ಲಿಂಗ್ ಟು ವರ್ಕ್ ಇನ್ ಎನಿ ಶಿಫ್ಟ್’. ಇದರಲ್ಲಿ ಒಂದು ಸಿದ್ಧತೆ ಕಾಣುತ್ತದೆ. ‘ಫ್ಲೆಕ್ಸಿಬಲ್’ ಎಂದಷ್ಟೇ ಬರೆದರೆ ಸಂದರ್ಶನಕ್ಕೆ ಕೂತವರು ಅದನ್ನು ಓದದೆ ದಾಟಿಬಿಡುತ್ತಾರೆ.

‘ಓಪನ್ ಟು’ ಬೇರೆ ಜಾತಿ. ಅದರ ಮುಂದೆ ನಾಮಪದ ಬರಬೇಕು, ಇಲ್ಲವೇ ‘ಇಂಗ್’ ಹಚ್ಚಿದ ಕ್ರಿಯಾಪದ ಬರಬೇಕು. ‘ವಿ ಆರ್ ಓಪನ್ ಟು ಸಜೆಷನ್ಸ್’, ‘ವಿ ಆರ್ ಓಪನ್ ಟು ಚೇಂಜಿಂಗ್ ದಿ ಡೇಟ್’. ‘ಓಪನ್ ಟು ಚೇಂಜ್ ದಿ ಡೇಟ್’ ಎಂದರೆ ಗಾಡಿಯ ಒಂದು ಗಾಲಿ ಕಳಚಿದಂತೆ. ಅರ್ಥದಲ್ಲೂ ವ್ಯತ್ಯಾಸವಿದೆ: ‘ವಿಲ್ಲಿಂಗ್’ ಎಂದರೆ ಒಪ್ಪಿದ್ದೇನೆ, ‘ಓಪನ್’ ಎಂದರೆ ನೀವು ಹೇಳಿ, ಕೇಳುತ್ತೇನೆ. ಎರಡನೆಯದರಲ್ಲಿ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಬಾಡಿಗೆ ಇಳಿಸುವ ಮಾತು ಬಂದಾಗ ಈ ಅಂತರ ನಾಲ್ಕು ಕಾಸು ಉಳಿಸುತ್ತದೆ.

ಹಂತ 3: ‘ಅನುಕೂಲ’ವನ್ನು ಸರಿಯಾದ ಕಡೆ ಕೂರಿಸುವುದು

‘ಇಫ್ ಯೂ ಆರ್ ಕನ್ವೀನಿಯೆಂಟ್, ಪ್ಲೀಸ್ ಕಾಲ್.’ ವಾರಕ್ಕೆ ಒಂದಾದರೂ ಪತ್ರದಲ್ಲಿ ಈ ಸಾಲು ನನ್ನ ಅಂಗಡಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯರು ‘ಕನ್ವೀನಿಯೆಂಟ್’ ಆಗುವುದಿಲ್ಲ. ಹೊತ್ತು, ಜಾಗ, ಏರ್ಪಾಡು ಆಗುತ್ತವೆ. ಮನುಷ್ಯರನ್ನು ಹಾಗೆಂದರೆ ‘ನಮ್ಮ ಉಪಯೋಗಕ್ಕೆ ಸುಲಭವಾಗಿ ಸಿಗುವವರು’ ಎಂಬ ಕೀಳು ಧ್ವನಿ ಸುಳಿಯುತ್ತದೆ.

ಸೋಜಿಗವೆಂದರೆ ಈ ತಪ್ಪನ್ನು ಕನ್ನಡದ ತಲೆಗೆ ಕಟ್ಟುವಂತಿಲ್ಲ. ನಾವು ‘ನಿಮಗೆ ಅನುಕೂಲವಿದ್ದರೆ’ ಎನ್ನುತ್ತೇವೆ. ‘ನೀವು ಅನುಕೂಲವೇ?’ ಎಂದು ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಯಾರೂ ಕೇಳುವುದಿಲ್ಲ. ಆ ‘ನಿಮಗೆ’ಯ ಕೊನೆಯಲ್ಲಿರುವ ‘ಗೆ’ ಇದೆಯಲ್ಲ, ಅದೇ ಇಂಗ್ಲಿಷಿನ ‘ಫಾರ್ ಯೂ’. ಅದನ್ನು ಕೈಬಿಡದಿದ್ದರೆ ವಾಕ್ಯ ತಾನಾಗಿ ನೆಟ್ಟಗಾಗುತ್ತದೆ: ‘ಇಫ್ ಇಟ್ ಈಸ್ ಕನ್ವೀನಿಯೆಂಟ್ ಫಾರ್ ಯೂ’. ಕನ್ನಡವನ್ನು ನಂಬಿದ್ದರೆ ಇಂಗ್ಲಿಷ್ ಸರಿಯಾಗುತ್ತಿತ್ತು.

ಇದರ ಒಡಹುಟ್ಟುಗಳು ಇನ್ನೆರಡು. ‘ಅಟ್ ಯುವರ್ ಕನ್ವೀನಿಯೆನ್ಸ್’ ಎಂದರೆ ಆತುರವಿಲ್ಲ, ನಿಮಗೆ ಬಿಡುವಾದಾಗ. ‘ಅಟ್ ಯುವರ್ ಅರ್ಲಿಯೆಸ್ಟ್ ಕನ್ವೀನಿಯೆನ್ಸ್’ ಎಂದರೆ ಆತುರವಿದೆ, ಮರ್ಯಾದೆಯಿಂದ ಹೇಳುತ್ತಿದ್ದೇನೆ ಅಷ್ಟೇ. ನಡುವೆ ಒಂದೇ ಒಂದು ಪದ ಸೇರಿದರೆ ವಿನಂತಿ ತಗಾದೆಯಾಗುತ್ತದೆ. ಬಾಕಿ ಬಾಡಿಗೆಗೆ ಎರಡನೆಯದು ಸರಿ. ಹಬ್ಬದ ಊಟಕ್ಕೆ ಕರೆಯುವಾಗ ಅದನ್ನು ಬರೆದರೆ ಸಮನ್ಸ್ ಕಳುಹಿಸಿದಂತಿರುತ್ತದೆ.

ಇನ್ನು ‘ಸೂಟ್’. ‘ದಿಸ್ ಟೈಮ್ ಸೂಟ್ಸ್ ಮಿ’ ಎಂದರೆ ಸಾಕು, ನಡುವೆ ‘ಫಾರ್’ ಬೇಡ. ‘ವರ್ಕ್’ ಬಳಸಿದರೆ ಮಾತ್ರ ಬೇಕು: ‘ದಿಸ್ ಟೈಮ್ ವರ್ಕ್ಸ್ ಫಾರ್ ಮಿ’.

ಹಂತ 4: ಆಯ್ಕೆಯನ್ನು ಅವರಿಗೆ ಬಿಡುವಾಗ

ಎರಡು ದಿನ ಸೂಚಿಸಿ ‘ಯಾವುದಾದರೂ ಸರಿ’ ಎನ್ನಬೇಕು. ನಮ್ಮವರು ‘ಬೋತ್ ಡೇಸ್ ಆರ್ ಫೈನ್’ ಎಂದು ಬರೆಯುತ್ತಾರೆ. ಓದುವವರು ಎರಡೂ ದಿನ ಬರಬೇಕೆಂದು ತಿಳಿದರೆ ಅವರನ್ನು ದೂರುವಂತಿಲ್ಲ. ಎರಡರಲ್ಲಿ ಒಂದು ಎನ್ನಲು ‘ಐದರ್’: ‘ಐದರ್ ಡೇ ಈಸ್ ಫೈನ್’. ‘ಐದರ್’ ಏಕವಚನ, ಆದ್ದರಿಂದ ‘ಆರ್’ ಅಲ್ಲ, ‘ಈಸ್’. ಮೂರು ಅಥವಾ ಹೆಚ್ಚಾದರೆ ‘ಎನಿ ಆಫ್ ದೀಸ್ ಡೇಸ್’.

ಇಲ್ಲಿಯೇ ದನಿಯ ಒಂದು ಗುಂಡಿಯೂ ಇದೆ. ‘ನನಗೇನೂ ಅಭ್ಯಂತರವಿಲ್ಲ’ ಎನ್ನಲು ‘ಐ ಡೋಂಟ್ ಮೈಂಡ್’. ‘ಐ ಡೋಂಟ್ ಕೇರ್’ ಎಂದು ಬರೆದಿರೋ, ನೀವು ಸತ್ತರೇನು ಬದುಕಿದರೇನು ಎಂದಂತಾಗುತ್ತದೆ. ‘ವಾಟೆವರ್’ ಎಂಬ ಒಂಟಿ ಪದವೂ ಮುಖ ತಿರುಗಿಸಿದಂತೆಯೇ. ಅದನ್ನೇ ‘ವಾಟೆವರ್ ಯೂ ಪ್ರಿಫರ್’ ಎಂದರೆ ಎಷ್ಟು ಸಭ್ಯವಾಯಿತು ನೋಡಿ.

ಹಂತ 5: ದಿನಾಂಕವನ್ನು ಸರಿಸುವಾಗ ‘ಮುಂದೆ’ ಎಂಬ ಮೋಸ

ಎಲ್ಲಕ್ಕಿಂತ ಹೆಚ್ಚು ನಷ್ಟ ತರುವ ತಪ್ಪು ಇದು ಎಂಬುದು ನನ್ನ ಅನುಭವ. ಓದಲು ಸರಿಯಾಗಿಯೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ನಡದಲ್ಲಿ ‘ಮುಂದೂಡುವುದು’ ಎಂದರೆ ತಡ ಮಾಡುವುದು. ಪರೀಕ್ಷೆ ಮುಂದಕ್ಕೆ ಹೋಯಿತು, ಮದುವೆ ಮುಂದಕ್ಕೆ ಹೋಯಿತು, ಎಲ್ಲವೂ ತಡವಾದ ಸುದ್ದಿ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ ಇದಕ್ಕೆ ನೇರ ವಿರುದ್ಧ: ನಿಗದಿಯಾದ ದಿನಕ್ಕಿಂತ ಮೊದಲೇ ನಡೆಸುವುದು. ನಾವು ‘ಮುಂದೂಡು’ ಎನ್ನುವುದಕ್ಕೆ ಅವರದು ‘ಪುಷ್ ಬ್ಯಾಕ್’, ಅಕ್ಷರಕ್ಕೆ ಅಕ್ಷರ ತೆಗೆದುಕೊಂಡರೆ ‘ಹಿಂದಕ್ಕೆ ತಳ್ಳು’. ಅವರ ಹಿಂದು ನಮ್ಮ ಮುಂದು. ಇಷ್ಟು ಸಾಲದೆಂಬಂತೆ ‘ಮೂವ್ ಫಾರ್ವರ್ಡ್’ ಎಂಬ ಮಾತಿನ ವಿಷಯದಲ್ಲಿ ಇಂಗ್ಲಿಷ್ ಆಡುವವರಲ್ಲೇ ಒಮ್ಮತವಿಲ್ಲ. ‘ಬುಧವಾರದ ಸಭೆಯನ್ನು ಎರಡು ದಿನ ಫಾರ್ವರ್ಡ್ ಮಾಡಿದ್ದಾರೆ’ ಎಂದರೆ ಕೆಲವರು ಸೋಮವಾರ ಎನ್ನುತ್ತಾರೆ, ಕೆಲವರು ಶುಕ್ರವಾರ ಎನ್ನುತ್ತಾರೆ.

ನಿಗದಿಗಿಂತ ಮೊದಲೇ ನಡೆಸುವುದಕ್ಕೆ ನಮ್ಮವರು ಬಳಸುವ ‘ಪ್ರಿಪೋನ್’ ಬಗ್ಗೆ ಕೇಳುತ್ತೀರಿ, ಗೊತ್ತು. ಅದು ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ಭಾರತೀಯ ಇಂಗ್ಲಿಷ್ ಎಂಬ ಗುರುತಿನೊಡನೆ. ನಮ್ಮ ದೇಶದೊಳಗಿನ ಪತ್ರಕ್ಕೆ ನಿಶ್ಚಿಂತೆಯಿಂದ ಬಳಸಿ. ಅದರ ಬಗ್ಗೆ ನಾಚಿಕೆಪಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ‘ಪೋಸ್ಟ್‌ಪೋನ್’ಗೆ ಇಷ್ಟು ಚೆನ್ನಾಗಿ ಜೋಡಿಯಾಗುವ ಪದವನ್ನು ಅವರೇ ಮಾಡಿಕೊಳ್ಳಬೇಕಿತ್ತು. ಆದರೆ ಬ್ರೆಜಿಲ್‌ನಿಂದಲೋ ಜಪಾನಿನಿಂದಲೋ ಬರುವವರಿಗೆ ಅದು ತಿಳಿಯದೇ ಹೋಗಬಹುದು.

ನನ್ನ ಅಂಗಡಿಯ ನಿಯಮ ಹೀಗಿದೆ: ಯಾವ ಕ್ರಿಯಾಪದ ಬಳಸಿದರೂ ಹಳೆಯ ದಿನ, ಹೊಸ ದಿನ ಎರಡನ್ನೂ ಬರೆಯಬೇಕು. ‘ಫ್ರಮ್ ದಿ ಟ್ವೆಲ್ಫ್ತ್ ಟು ದಿ ಫಿಫ್ಟೀನ್ತ್ ಆಫ್ ಡಿಸೆಂಬರ್.’ ತಿಂಗಳನ್ನು ಅಂಕಿಯಲ್ಲಿ ಬರೆಯಕೂಡದು. 10/12 ಎಂದರೆ ನಮಗೆ ಡಿಸೆಂಬರ್ 10, ಅಮೆರಿಕದವರಿಗೆ ಅಕ್ಟೋಬರ್ 12. ದಸರಾ ಬರುವ ತಿಂಗಳಿನಲ್ಲಿ, ಕೋಣೆಗೆ ಹತ್ತು ಜನ ಕಾಯುತ್ತಿರುವಾಗ ಈ ಗೊಂದಲ ಯಾರಿಗೂ ಬೇಡ.

ಇನ್ನೊಂದು ಜೋಡಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ‘ಶುಕ್ರವಾರದ ಒಳಗೆ ತಿಳಿಸಿ’ ಎನ್ನುವಲ್ಲಿ ‘ಬೈ ಫ್ರೈಡೇ’. ‘ಶುಕ್ರವಾರದವರೆಗೆ ಇರುತ್ತೇನೆ’ ಎನ್ನುವಲ್ಲಿ ‘ಅಂಟಿಲ್ ಫ್ರೈಡೇ’. ಕನ್ನಡದ ‘ಒಳಗೆ’, ‘ವರೆಗೆ’ ಇವೆರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಎಡವುವುದಿಲ್ಲ.

ಹಂತ 6: ಇನ್ನೂ ಗಟ್ಟಿಯಾಗಿಲ್ಲ ಎನ್ನುವಾಗ

‘ದಿ ರೇಟ್ಸ್ ಆರ್ ಸಬ್ಜೆಕ್ಟೆಡ್ ಟು ಚೇಂಜ್.’ ಬೋರ್ಡುಗಳಲ್ಲೂ ಮದುವೆಮಂಟಪದ ರಸೀದಿಗಳಲ್ಲೂ ಇದನ್ನು ಕಂಡಿದ್ದೇನೆ. ‘ಸಬ್ಜೆಕ್ಟೆಡ್ ಟು’ ಎಂದರೆ ಹಿಂಸೆಗೆ, ವಿಚಾರಣೆಗೆ, ಪರೀಕ್ಷೆಗೆ ಒಳಪಡಿಸಲಾಯಿತು ಎಂದು. ಪಾಪ, ಆ ದರ ಏನು ತಪ್ಪು ಮಾಡಿತ್ತು? ‘ಎಡ್’ ತೆಗೆದುಬಿಡಿ: ‘ಸಬ್ಜೆಕ್ಟ್ ಟು ಚೇಂಜ್’ ಎಂದರೆ ಬದಲಾಗಬಹುದು. ‘ಸಬ್ಜೆಕ್ಟ್ ಟು ಅವೈಲಬಿಲಿಟಿ’ ಎಂದರೆ ಲಭ್ಯವಿದ್ದರೆ ಮಾತ್ರ.

ತಾತ್ಕಾಲಿಕವಾಗಿ ಗೊತ್ತುಮಾಡಿದ್ದಕ್ಕೆ ‘ಟೆಂಟೆಟಿವ್’ ಸಾಕು. ಸ್ನೇಹದ ಪತ್ರವಾದರೆ ‘ಐ ವಿಲ್ ಪೆನ್ಸಿಲ್ ಯೂ ಇನ್’ ಎನ್ನಬಹುದು. ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಬಹುದಲ್ಲ, ಅದೇ ಭಾವ. ‘ನಾಟ್ ಸೆಟ್ ಇನ್ ಸ್ಟೋನ್’ ಎಂಬುದಂತೂ ನಮ್ಮದೇ ಮಾತು, ‘ಇದೇನು ಶಿಲಾಶಾಸನವೇ?’ ಎಂದು ನಾವು ಕೇಳುವುದಿಲ್ಲವೇ? ಶ್ರೀರಂಗಪಟ್ಟಣದಲ್ಲೂ ಮೇಲುಕೋಟೆಯಲ್ಲೂ ಶಾಸನ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವು ಪ್ರಶ್ನೆಯಾಗಿ ಕೇಳುವಂತೆ ಅವರು ಹೆಚ್ಚಾಗಿ ‘ನಾಟ್’ ಸೇರಿಸಿಯೇ ಹೇಳುತ್ತಾರೆ.

ಹಂತ 7: ನುಡಿಗಟ್ಟುಗಳನ್ನು ಸೋಸುವುದು

‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಎಂಬುದನ್ನು ಎಲ್ಲೋ ಓದಿ, ತಾವು ಬಹಳ ಹೊಂದಿಕೊಳ್ಳುವವರು ಎಂಬ ಅರ್ಥದಲ್ಲಿ ಬರೆದುಕೊಂಡು ಒಬ್ಬರು ಬಂದಿದ್ದರು. ಅದರ ಅರ್ಥ ಬೇರೊಬ್ಬರಿಗಾಗಿ ಮಿತಿಮೀರಿ ಕಷ್ಟಪಡುವುದು. ಎಷ್ಟೋ ಸಲ ದೂರಿನ ದನಿಯಲ್ಲೂ ಬರುವ ಮಾತು: ನಿಮಗಾಗಿ ಇಷ್ಟೆಲ್ಲ ಮಾಡಿದೆ, ಆದರೂ ನಿಮಗೆ ಸಮಾಧಾನವಿಲ್ಲ. ಅದೂ ಆ ಪತ್ರ ಹೋಗುತ್ತಿದ್ದದ್ದು ಬೆಳಿಗ್ಗೆ ಎದ್ದು ನಿಜವಾಗಿಯೇ ಹಿಂದಕ್ಕೆ ಬಾಗಿ ಅಂಗೈಯನ್ನು ನೆಲಕ್ಕೆ ಊರುವ ಯೋಗವಿದ್ಯಾರ್ಥಿನಿಗೆ. ನಾನು ಆ ಸಾಲನ್ನು ಹೊಡೆದುಹಾಕಿ ‘ವಿ ವಿಲ್ ಡು ಅವರ್ ಬೆಸ್ಟ್’ ಎಂದು ಹಾಕಿದೆ.

‘ಪ್ಲೇ ಇಟ್ ಬೈ ಇಯರ್’ ಸಂಗೀತದಿಂದ ಬಂದದ್ದು. ಬರೆದಿಟ್ಟ ಸ್ವರ ನೋಡದೆ ಕಿವಿಯಲ್ಲಿ ಕೇಳಿದ್ದನ್ನು ನುಡಿಸುವುದು. ಗುರುವಿನ ಬಾಯಿಂದಲೇ ಪಾಠ ಹೇಳಿಸಿಕೊಳ್ಳುವ ನಮ್ಮ ಸಂಗೀತದವರಿಗೆ ಇದರಲ್ಲೇನು ವಿಶೇಷ ಎನಿಸಬಹುದು! ಬಳಕೆಯ ಅರ್ಥ, ಆಗಿನ ಸಂದರ್ಭ ನೋಡಿಕೊಂಡು ಮಾಡೋಣ. ಗೆಳೆಯರಿಗೆ ಚೆನ್ನ, ಬ್ಯಾಂಕಿಗೆ ಬೇಡ. ‘ರೈನ್ ಚೆಕ್’ ಅಮೆರಿಕದ ಬೇಸ್‌ಬಾಲ್‌ನಿಂದ ಬಂದ ಮಾತು. ಮಳೆಯಿಂದ ಆಟ ನಿಂತರೆ ಇನ್ನೊಂದು ದಿನ ಬರಲು ಕೊಡುತ್ತಿದ್ದ ಚೀಟಿ ಅದು. ಈಗ ಬರಲಾಗದು, ಇನ್ನೊಮ್ಮೆ ಖಂಡಿತ ಎನ್ನಲು ಬಳಸುತ್ತಾರೆ. ಬಂದರೆ ಅರ್ಥ ಮಾಡಿಕೊಳ್ಳಿ, ನೀವಾಗಿ ಬರೆಯಲು ಹೋಗಬೇಡಿ.

‘ಗಿವ್ ಆರ್ ಟೇಕ್’ ಉಪಯುಕ್ತ, ಆದರೆ ಅಂಕಿಯ ನಂತರ ಬರಬೇಕು: ‘ಟೆನ್ ಡೇಸ್, ಗಿವ್ ಆರ್ ಟೇಕ್’. ನಮ್ಮ ‘ಹೆಚ್ಚೂ ಕಡಿಮೆ’ ಅಂಕಿಯ ಮೊದಲು ಬರುವುದರಿಂದ ಕೈ ತಪ್ಪುತ್ತದೆ.

ಕೊನೆಗೆ ‘ಅಡ್ಜಸ್ಟ್’. ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರು ಅರ್ಧ ಕೂತು ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದರೆ ಯಾರೂ ಇಲ್ಲವೆನ್ನುವುದಿಲ್ಲ. ಅದು ಕನ್ನಡದ ಪದವೇ ಆಗಿಹೋಗಿದೆ. ಹೊರಗಿನವರ ಇಂಗ್ಲಿಷಿನಲ್ಲಿ ಮಾತ್ರ ಕುರ್ಚಿಯ ಎತ್ತರ, ಕನ್ನಡಕದ ಹಿಡಿ, ಲೆಕ್ಕದ ಮೊತ್ತ ಇವನ್ನು ‘ಅಡ್ಜಸ್ಟ್’ ಮಾಡುತ್ತಾರೆ, ಹೊಸ ಊರಿಗೆ ‘ಅಡ್ಜಸ್ಟ್ ಟು’ ಆಗುತ್ತಾರೆ. ಬರಿದೇ ‘ಪ್ಲೀಸ್ ಅಡ್ಜಸ್ಟ್’ ಎಂದರೆ ಯಾವ ತಿರುಪನ್ನು ತಿರುಗಿಸಬೇಕೆಂದು ಹುಡುಕುತ್ತಾರೆ. ಸಹಿಸಿಕೊಳ್ಳಿ ಎನ್ನಲು ‘ಬೇರ್ ವಿತ್ ಅಸ್’, ಜಾಗ ಮಾಡಿಕೊಡುತ್ತೇವೆ ಎನ್ನಲು ‘ವಿ ಕ್ಯಾನ್ ಅಕಾಮಡೇಟ್ ಯೂ’. ಈ ಪದದ ಕಾಗುಣಿತದಲ್ಲಿ ‘ಸಿ’ ಎರಡು, ‘ಎಂ’ ಎರಡು. ಮನೆ ಬಾಡಿಗೆಗೆ ಎಂಬ ಬೋರ್ಡು ಬರೆಸುವವರು ಇದನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಹಂತ 8: ಪತ್ರವನ್ನು ಮತ್ತೆ ಬರೆಯುವುದು

ಆ ಬೆಳಗಿನ ಜಾವದ ಪ್ರಸಂಗ ಕಳೆದ ಮೇಲೆ ಅಮ್ಮ ಅಂಗಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು. ‘ನೀನೇ ಒಂದು ಪತ್ರ ಮಾಡಿಕೊಡಪ್ಪ, ಹೆಸರು ಮಾತ್ರ ಬದಲಾಯಿಸಿ ಎಲ್ಲರಿಗೂ ಕಳುಹಿಸುತ್ತೇನೆ.’ ಅವರು ಚೀಟಿಯಲ್ಲಿ ತಂದಿದ್ದದ್ದು ಇದು:

‘ವಿ ಆರ್ ಫ್ಲೆಕ್ಸಿಬಲ್ ಫಾರ್ ಡೇಟ್ಸ್. ಇಫ್ ಯೂ ಆರ್ ಕನ್ವೀನಿಯೆಂಟ್ ಕಮ್ ಎನಿ ಟೈಮ್. ಹಾಟ್ ವಾಟರ್ ಸೋಲಾರ್, ಪ್ಲೀಸ್ ಅಡ್ಜಸ್ಟ್. ರೆಂಟ್ ಈಸ್ ಸಬ್ಜೆಕ್ಟೆಡ್ ಟು ಚೇಂಜ್.’

ಒಂದೊಂದು ಸಾಲಿಗೂ ಆ ಮೂರು ಪ್ರಶ್ನೆ ಕೇಳಿದೆ. ದಿನಾಂಕ ಎಷ್ಟು ಬಗ್ಗುತ್ತದೆ? ಒಂದು ವಾರ. ಗಂಟೆ? ರಾತ್ರಿ ಒಂಬತ್ತರ ಮೇಲೆ ಬೇಡವೇ ಬೇಡ. ಬಾಡಿಗೆ ನಿಜವಾಗಿ ಬದಲಾಗುತ್ತದೆಯೇ? ‘ಇಲ್ಲಪ್ಪ, ಯಾರೋ ಬರೆದಿದ್ದರು, ಚೆನ್ನಾಗಿ ಕಂಡಿತು, ಹಾಕಿದೆ.’ ತಿದ್ದಿದ ಮೇಲೆ ಹೀಗಾಯಿತು:

‘ವಿ ಆರ್ ಫ್ಲೆಕ್ಸಿಬಲ್ ಅಬೌಟ್ ಯುವರ್ ಅರೈವಲ್ ಡೇಟ್ ಬೈ ಅಪ್ ಟು ಎ ವೀಕ್. ಪ್ಲೀಸ್ ಅರೈವ್ ಬಿಟ್ವೀನ್ 7 ಎಎಂ ಅಂಡ್ 9 ಪಿಎಂ. ಇಫ್ ದಿಸ್ ಈಸ್ ನಾಟ್ ಕನ್ವೀನಿಯೆಂಟ್ ಫಾರ್ ಯೂ, ಲೆಟ್ ಅಸ್ ನೋ ಎ ಡೇ ಬಿಫೋರ್. ದಿ ಹಾಟ್ ವಾಟರ್ ಈಸ್ ಸೋಲಾರ್, ಸೋ ಪ್ಲೀಸ್ ಬೇರ್ ವಿತ್ ಅಸ್ ಆನ್ ಕ್ಲೌಡಿ ಡೇಸ್. ಎ ಲಾಂಗರ್ ಸ್ಟೇ ಈಸ್ ಪಾಸಿಬಲ್, ಸಬ್ಜೆಕ್ಟ್ ಟು ಅವೈಲಬಿಲಿಟಿ. ದಿ ರೆಂಟ್ ಈಸ್ ಫಿಕ್ಸ್ಡ್.’

ಅಮ್ಮ ಎರಡು ಸಲ ಓದಿಸಿಕೊಂಡರು. ಕೊನೆಯ ಸಾಲಿಗೆ ಬಂದಾಗ ಬೆರಳಿಟ್ಟು ನಿಲ್ಲಿಸಿದರು. ‘ಮಳೆಗಾಲದಲ್ಲಿ ಕೋಣೆ ಖಾಲಿ ಬಿದ್ದಿರುವಾಗ ಫಿಕ್ಸ್ಡ್ ಎಂದರೆ ಯಾರು ಬರುತ್ತಾರಪ್ಪ?’ ಮಾತು ಸರಿಯಾಗಿತ್ತು. ಹಾಗೆಂದು ಬರೀ ‘ನೆಗೋಷಿಯಬಲ್’ ಎಂದು ಹಾಕಿದ್ದರೆ ಚೌಕಾಸಿ ಮಾರ್ಕೆಟ್ಟಿನ ಮಟ್ಟಕ್ಕೆ ಇಳಿಯುತ್ತಿತ್ತು. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗಿನ ಪತ್ರಕ್ಕೆ ಬೇರೆ ಸಾಲು ಮಾಡಿಕೊಟ್ಟೆ: ‘ದಿ ರೆಂಟ್ ಈಸ್ ನೆಗೋಷಿಯಬಲ್ ಫಾರ್ ಸ್ಟೇಸ್ ಆಫ್ ಟು ಮಂತ್ಸ್ ಆರ್ ಮೋರ್.’ ಎರಡನ್ನೂ ಪ್ರಿಂಟ್ ತೆಗೆಸಿಕೊಂಡು, ಹತ್ತು ರೂಪಾಯಿ ಮೇಜಿನ ಮೇಲಿಟ್ಟು, ‘ಇದಕ್ಕೂ ನೆಗೋಷಿಯಬಲ್ ಇಲ್ಲವೇ?’ ಎಂದು ಕೇಳಿಯೇ ಹೊರಟರು.